ಮಗ್ಗದ ಕೋಣೆಯಲ್ಲಿ ಹರವಿದ ಜೋಳ

ಅಥವಾ ಅದು ಗಂಜಿಯ ವಾಸನೆ ಆಗಿರಲಿಕ್ಕೇ ಇಲ್ಲ. ಒದ್ದೆ ಜೋಳದ್ದಿರಬಹುದು. ಎರಡೂ ಹುಳಿ ವಾಸನೆಗಳೇ. ಎರಡೂ ರಬಕವಿಯ ನನ್ನ ತವರುಮನೆಯ ಮಗ್ಗದ ಕೋಣೆಯಲ್ಲಿ ನನ್ನ ಮೂಗಿಗೆ ಹತ್ತಿದವು. ಒಂದು ನಾನು ಚಿಕ್ಕವಳಿದ್ದಾಗ ವರ್ಷವಿಡೀ ಇರುತ್ತಿತ್ತು, ಹಾಸಿನ ನೂಲು ಗಟ್ಟಿಯಾಗಲೆಂದು ಹಚ್ಚುವ ಗಂಜಿಯದು. ಇನ್ನೊಂದು ಹೊಳೆ ಉಕ್ಕಿ ಬಂದ ವರ್ಷದ ಶ್ರಾವಣದಲ್ಲಿ ಕೆಲವು ದಿನ ಮಾತ್ರ ಇತ್ತು. ನನ್ನ ತಲೆಯಲ್ಲಿ ಇವೆರಡೂ ಬೆರೆತುಹೋಗಿವೆ; ಒಂದನ್ನು ಕರೆದರೆ ಇನ್ನೊಂದು ಬರುತ್ತದೆ. ಹಾಗಾಗಿ ಮುಂದೆ ಹೇಳುವುದನ್ನು ನಾನೇ ಪೂರ್ತಿ ನಂಬುವುದಿಲ್ಲ.

ಕೆಲವು ದಿನಗಳ ಹಿಂದೆ ಮುಧೋಳದಲ್ಲಿ ನಾನೂ ಮಗಳು ವಿದ್ಯಾಳೂ ಕೂಡಿ ನಮ್ಮ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆವು. ಹಬ್ಬಕ್ಕೆ ಮುಂಚೆ ಗೋಡೆಗೆ ಬಣ್ಣ ಹಚ್ಚಬೇಕಿತ್ತು. ಮೂಲೆಯಲ್ಲಿದ್ದ ಒಂದು ಗೋಣಿಚೀಲದ ಬಾಯಿ ಬಿಚ್ಚಿದಾಗ ಆ ವಾಸನೆ ಬಂತು. ಒಳಗೆ, ಅವ್ವ ಹೋದ ಮೇಲೆ ಅಣ್ಣ ನನ್ನ ಪಾಲಿಗೆಂದು ಕಟ್ಟಿಕೊಟ್ಟ ಸಣ್ಣಪುಟ್ಟ ಸಾಮಾನು. ಅವುಗಳ ನಡುವೆ ಒಂದು ಸ್ಟೀಲಿನ ಮುಚ್ಚಳ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು: ಕಾಶವ್ವ, ಗಲಗಲಿ.

"ಇದರ ಡಬರಿ ಎಲ್ಲೈತಿಬೇ?" ಎಂದಳು ವಿದ್ಯಾ.

"ಗಲಗಲ್ಯಾಗ. ನಮ್ಮ ಚಿಗವ್ವನ ಮನ್ಯಾಗ."

"ಡಬರಿ ಅಲ್ಲೆ, ಮುಚ್ಚಳ ಇಲ್ಲೆ. ಛಲೋ ಸಂಸಾರ ಐತಿ ಬಿಡು ನಿಮ್ಮದು. ಮೋಡ್ಕಾದಾಂವಗ ಹಾಕ್ಲೇನು?"

"ಇರಲಿ."

"ನೀ ಎಲ್ಲಾದಕ್ಕೂ ಇರಲಿ ಅಂತಿ."

ನನ್ನ ಅವ್ವ ಹಾಗನ್ನುತ್ತಿರಲಿಲ್ಲ. ಕನಿಷ್ಠ ಆ ಮಳೆಗಾಲದಲ್ಲಿ ಅನ್ನಲಿಲ್ಲ.

ಆ ವರ್ಷ ನಾನು ಮುಧೋಳದ ಒಂದು ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಹೊಳೆದಂಡೆಯ ಹಳ್ಳಿಗಳ ಜನ ನಮ್ಮ ಸಾಲೆಯ ಕೋಣೆಗಳಲ್ಲಿ ಬಂದು ಉಳಿದಿದ್ದರಿಂದ ಪಾಠ ನಿಂತಿತ್ತು. ನಾನು ರಬಕವಿಗೆ ಹೋದೆ. ಅಲ್ಲಿ ಅವ್ವ ಮತ್ತು ಅಣ್ಣ ಇಬ್ಬರೇ ಇದ್ದರು. ಅಣ್ಣನ ಹೆಂಡತಿ, ವೈನಿ, ಮಕ್ಕಳನ್ನು ಕಟ್ಟಿಕೊಂಡು ಪಂಚಮಿಗೆಂದು ಬೀಳಗಿಯ ತವರಿಗೆ ಹೋಗಿದ್ದರು. ಅಣ್ಣ ಬನಹಟ್ಟಿಯಲ್ಲಿ ಬೇರೆಯವರ ವಿದ್ಯುತ್ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ. ಆ ಖಟಖಟದಲ್ಲಿ ಹಗಲೆಲ್ಲ ಕಳೆದು ಬಂದವನಿಗೆ ಮನೆಯಲ್ಲೂ ಕೂಗಿಯೇ ಮಾತಾಡುವ ರೂಢಿ.

ನಾನು ಹೋದ ಮರುದಿನ, ಅಥವಾ ಅದೇ ದಿನ ಸಂಜೆ, ಗಲಗಲಿಯಿಂದ ಟ್ರ್ಯಾಕ್ಟರ್ ಬಂತು. ಟ್ರಾಲಿಯ ಮೇಲೆ ಕಾಶಿ ಚಿಗವ್ವ, ಅವ್ವನ ಬೆನ್ನಿಗೆ ಬಿದ್ದ ತಂಗಿ, ಪ್ಲಾಸ್ಟಿಕ್ ಕೊಪ್ಪಿ ಹೊದ್ದು ಸಾಮಾನಿನ ಗುಡ್ಡದ ಮೇಲೆ ಕೂತಿದ್ದಳು. ಕೊಯ್ನಾದಿಂದ ನೀರು ಬಿಟ್ಟಿದ್ದಾರೆ, ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಾಣದಂತಾಗಿದೆ ಎಂದು ಸುದ್ದಿ ಬಂದೊಡನೆ ಅವಳ ಮಗ ಕೈಗೆ ಸಿಕ್ಕಿದ್ದನ್ನು ತುಂಬಿ ಅವಳನ್ನು ಕಳಿಸಿಬಿಟ್ಟಿದ್ದ. ತಾನು ದನ ಹೊಡೆದುಕೊಂಡು ಎತ್ತರದ ಹೊಲದಲ್ಲಿ ಉಳಿದಿದ್ದ.

ಸಾಮಾನು ಇಳಿಸುವಾಗ ಅವ್ವ ಒಂದು ಚೀಲದೊಳಗೆ ಕೈಹಾಕಿದಳು. ಮುಚ್ಚಳ. ಮತ್ತೊಂದು ಮುಚ್ಚಳ. ಚೀಲ ತುಂಬ ಮುಚ್ಚಳಗಳೇ.

"ಕಾಶೀ, ಡಬರಿ ಎಲ್ಲಿ?"

"ಅಲ್ಲೇ ಅದಾವ."

"ಮುಚ್ಚಳಷ್ಟ ತಂದಿ?"

"ಗಡಿಬಿಡ್ಯಾಗ ಕೈಗೆ ಸಿಕ್ಕದ್ದ ತುಂಬೀನಿ ಯಕ್ಕಾ. ಮುಚ್ಚಳ ಮ್ಯಾಲ ಇರ್ತಾವಲ್ಲ, ಮೊದಲ ಅವ ಸಿಕ್ಕು."

"ಹೊಳಿಗಿ ನಿನ್ನ ಡಬರಿ ತೊಳಿಯೂದು ಹಗೂರಾತು ಬಿಡು."

ಚಿಗವ್ವ ನಕ್ಕಳು. ಕಣ್ಣಿಗೆ ಹಾಕುವ ಚಾಳೀಸು ಗಲಗಲಿಯಲ್ಲೇ ಉಳಿದಿತ್ತು, ಆದರೆ ಪಂಚಮಿಗೆ ಜೋಕಾಲಿ ಕಟ್ಟುವ ಹಗ್ಗ ಬಂದಿತ್ತು. ಅದನ್ನು ಎತ್ತಿ ತೋರಿಸಿ, "ಹೊಳಿ ನನ್ನ ಪಂಚಮಿಗಿ ತವರಿಗಿ ಕಳಿಸೇತಿ ನೋಡ, ಹಗ್ಗದ ಸೈತ" ಎಂದಳು. ಬನಹಟ್ಟಿಯ ಅವರಿಬ್ಬರ ತವರುಮನೆ ಎಂದೋ ಬೇರೆಯವರ ಕೈಸೇರಿತ್ತು. ಅವಳಿಗೆ ಅಕ್ಕನ ಮನೆಯೇ ತವರು. ಅವಳು ನಕ್ಕದ್ದು ನನಗೆ ಸ್ಪಷ್ಟ ನೆನಪಿದೆ. ಅತ್ತಳೋ ಇಲ್ಲವೋ ನೆನಪಿಲ್ಲ. ಅಳದೆ ಇದ್ದಿರಲಾರಳು.

ಸಮಸ್ಯೆ ಮರುದಿನ ಬೆಳಿಗ್ಗೆ ಎದ್ದಿತು. ಕಾಲಿಡಲು ಜಾಗವಿರಲಿಲ್ಲ. ನಮ್ಮದೇ ಮನೆ ಮೊದಲೇ ತುಂಬಿ ತುಳುಕುತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ಅವನದು ಯಾವುದನ್ನೂ ಯಾರೂ ಹೊರಗೆ ಹಾಕಿರಲಿಲ್ಲ. ಬಟ್ಟೆ ಹರಿದು ಕಡ್ಡಿ ಉಳಿದ ಛತ್ರಿ, ನಿಂತುಹೋದ ಗಡಿಯಾರ, ಬತ್ತಿ ಇಲ್ಲದ ಸ್ಟೋ, ಬಾಯಿ ಸೀಳಿದ ತಾಮ್ರದ ಹಂಡೆ. ಅಣ್ಣ ಚಿಗವ್ವನ ಮಂಚವನ್ನು ಅಂಗಳದಲ್ಲಿಡೋಣ ಎಂದಾಗ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆಕಿದು ಮಳ್ಯಾಗ ಯಾಕ ಇಡಬೇಕು? ಆಕಿದು ಒಳಗ ಬರ್ಲಿ, ನಮ್ಮದು ಹೊರಗ ಹೋಗ್ಲಿ."

ಓಣಿಯಲ್ಲಿ ಹಳೆ ಸಾಮಾನು ಕೊಳ್ಳುವ ಮೋಡ್ಕಾದವನ ಗಾಡಿ ನಿಲ್ಲಿಸಿದಳು. ಒಂದೊಂದು ವಸ್ತುವನ್ನೂ ಎತ್ತುವುದು, ಒಮ್ಮೆ ತಿರುಗಿಸಿ ನೋಡುವುದು, "ಹೋಗ್ಲಿ" ಎನ್ನುವುದು. ಛತ್ರಿಗೆ "ಹೋಗ್ಲಿ". ಗಡಿಯಾರಕ್ಕೆ "ಹೋಗ್ಲಿ". ನನ್ನ ನೆನಪಿನಲ್ಲಿ ಆ ದಿನವೆಲ್ಲ ಆ ಒಂದೇ ಮಾತು ಕೇಳಿಸುತ್ತದೆ. ಅಣ್ಣನನ್ನು ಕೇಳಿದರೆ, "ಹಂಗೇನ ಅಂದಿದ್ದಿಲ್ಲ, ಸುಮ್ನ ಎತ್ತಿ ಎತ್ತಿ ಕೊಡತಿದ್ಲು" ಎನ್ನುತ್ತಾನೆ. ಒಂದು ಸಲ ಅಂದದ್ದನ್ನು ನಾನು ಎಲ್ಲ ವಸ್ತುಗಳ ಮೇಲೂ ಹಚ್ಚಿರಬಹುದು.

"ಯವ್ವಾ, ನನ್ನೂ ಗಾಡ್ಯಾಗ ಏರಿಸ್ತೀ ಏನ?" ಎಂದು ಅಣ್ಣ ಕೂಗಿದ್ದು ಮಾತ್ರ ಅವನಿಗೂ ನೆನಪಿದೆ.

"ನಿನ್ನ ಒಯ್ಯಂಗಿಲ್ಲಪಾ. ಆಂವ ಕಬ್ಬಣ ಇದ್ದದ್ದಷ್ಟ ಒಯ್ತಾನ."

ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ನೆಲ ಕಂಡಿತು. ಚಿಗವ್ವನ ಮಂಚ, ಟ್ರಂಕು, ಮುಚ್ಚಳಗಳ ಚೀಲ ಒಳಗೆ ಬಂದವು. ಮನೆಯಲ್ಲಿ ಕೈಹಚ್ಚದೆ ಉಳಿದದ್ದು ಮಗ್ಗದ ಕೋಣೆ ಒಂದೇ. ಅವ್ವ ಅದರ ಬಾಗಿಲು ಮುಂದಕ್ಕೆ ಎಳೆದು ಚಿಲಕ ಹಾಕಿದ್ದಳು.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿ, ಅದರ ಅಂಚಿಗೆ ಕೂತು ಕಾಲು ಒಳಗೆ ಬಿಟ್ಟು ಹಲಗೆ ತುಳಿಯುತ್ತ ನೇಯಬೇಕು. ಓಣಿಯಲ್ಲಿ ಉಳಿದವರೆಲ್ಲ ಕುಣಿ ಮುಚ್ಚಿ ವಿದ್ಯುತ್ ಮಗ್ಗ ಕೂಡಿಸಿ ಬಹಳ ವರ್ಷಗಳಾಗಿದ್ದವು. ಅವ್ವ ನೇಯುತ್ತಲೇ ಇದ್ದಳು; ಕೊನೆಗೆ ನೂಲು ಕೊಡುತ್ತಿದ್ದ ಸಾವಕಾರ ಕೊಡುವುದನ್ನು ನಿಲ್ಲಿಸಿದ. ಆದರೆ ಮಗ್ಗ ನಿಂತಿದೆ ಎಂದು ಅವ್ವ ಒಪ್ಪಿರಲಿಲ್ಲ. ಯಾಕೆಂದರೆ ಹಣಿಗೆಯಲ್ಲಿ ಎಳೆಗಳಿದ್ದವು.

ಇದನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಹಾಕುವ ನೂಲು. ಅದರ ಒಂದೊಂದು ಎಳೆಯೂ ಬಾಚಣಿಕೆಯಂಥ ಹಣಿಗೆಯ ಒಂದೊಂದು ಸಂದಿಯಿಂದ ಹಾಯಬೇಕು. ಸೀರೆ ಮುಗಿದಾಗ ಅದನ್ನು ಕೊಯ್ದುಕೊಂಡರೂ ಹಣಿಗೆಯೊಳಗಿನ ಎಳೆಗಳನ್ನು ತೆಗೆಯುವುದಿಲ್ಲ, ಮೊಳದಷ್ಟು ಬಿಟ್ಟು ಗಂಟು ಹಾಕುತ್ತಾರೆ. ಹೊಸ ಹಾಸು ಬಂದಾಗ ಅದರ ಎಳೆಗಳನ್ನು ಹಳೆಯ ತುದಿಗಳಿಗೆ ಒಂದೊಂದಾಗಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಕೂಡಿಸುತ್ತಾರೆ. ಕೆಚ್ಚುವುದು ಎನ್ನುತ್ತೇವೆ. ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಹಾದುಬರುತ್ತದೆ. ಆ ಮೊಳದ ಎಳೆ ಕತ್ತರಿಸಿದರೆ ಎಲ್ಲವನ್ನೂ ಮೊದಲಿನಿಂದ ಪೋಣಿಸಬೇಕು, ಮತ್ತು ಅದು ಕಣ್ಣಿನ ಕೆಲಸ. ಅವ್ವನ ಕಣ್ಣು ಮಂಜಾಗಿದ್ದವು. ಕೆಚ್ಚಲು ಬೆರಳು ಸಾಕು. ಹಾಗೂ ಎದುರಿಗೆ ಕೂತು ಎಳೆ ಆರಿಸಿ ಕೊಡಲು ಇನ್ನೊಬ್ಬರು ಬೇಕು.

ಬನಹಟ್ಟಿಯ ಮನೆಯಲ್ಲಿ, ಹುಡುಗಿಯರಾಗಿದ್ದಾಗ, ಆ ಇನ್ನೊಬ್ಬರು ಕಾಶಿ ಚಿಗವ್ವನಾಗಿದ್ದಳು. ಅವಳನ್ನು ಒಕ್ಕಲುತನದ ಮನೆಗೆ ಕೊಟ್ಟ ಮೇಲೆ ಅವಳ ಕೈ ನೂಲು ಮುಟ್ಟಿರಲಿಲ್ಲ.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಚಹಾ ತಗೊಂಡು ಹೋದಾಗ ಮಗ್ಗದ ಕೋಣೆಯ ಚಿಲಕ ತೆಗೆದಿತ್ತು. ಒಳಗೆ ಅಕ್ಕತಂಗಿಯರು ಹಣಿಗೆಯ ಆಚೆ ಈಚೆ ಕೂತಿದ್ದರು. ನಡುವೆ ಬಸಿಯಲ್ಲಿ ಒಲೆಯ ಬೂದಿ. ಹಳೆಯ ಎಳೆಗಳ ಸಿಕ್ಕು ಬಿಡಿಸುತ್ತಿದ್ದರು. ಎಳೆಗಳು ದಾಳಿಂಬೆ ಬಣ್ಣದವು. ಅಣ್ಣ ಹಸಿರು ಎನ್ನುತ್ತಾನೆ.

"ನಿನ್ನ ಬೆರಳಾಗ ಈಗ ಬರೇ ಸಗಣಿ ವಾಸನಿ" ಎಂದಳು ಅವ್ವ.

"ಮೂಗ ಛಲೋ ಐತಿ ನಿಂದು, ಕಣ್ಣಷ್ಟ ಹೋಗ್ಯಾವ."

"ಕಣ್ಣ ಯಾಕ ಬೇಕಲೇ? ನೀ ಕೊಡು, ನಾ ಹೊಸಿತೀನಿ. ಆಗೂ ನೀ ತಡಾ ಮಾಡತಿದ್ದಿ."

"ನಾ ತಡಾ ಮಾಡತಿದ್ದಿಲ್ಲ. ನೀನ ಅರ್ಧಕ್ಕ ನಿದ್ದಿ ಹೊಡೀತಿದ್ದಿ. ಅಪ್ಪಗ ಹೇಳಬ್ಯಾಡ ಅಂತ ನನಗ ಬೆಲ್ಲಾ ಕೊಡತಿದ್ದಿ."

ಅವ್ವ ಬಾಗಿಲ ಕಡೆ ಮುಖ ತಿರುಗಿಸಿ, ಅಲ್ಲಿದ್ದದ್ದು ನಾನೆಂದು ತಿಳಿಯದೆ, ಅಣ್ಣನೆಂದುಕೊಂಡು ಹೇಳಿದಳು: "ಈರಣ್ಣಾ, ಎಲ್ಲ್ಯಾರ ಒಂದ ಹಾಸ ಕೇಳೋ. ಒಂದ ಸೀರಿದು ಸಾಕು. ಕಾಶಿ ಇರೂದ್ರಾಗ ಕೆಚ್ಚತೀವಿ."

ಸಂಜೆ ನಾನು ಅಣ್ಣನಿಗೆ ಹೇಳಿದೆ. "ಈಗ ಕೈಮಗ್ಗಕ್ಕ ಯಾರ ಕೊಡ್ತಾರ?" ಎಂದು ಕೂಗಿದ. ಆದರೆ ಹೋಗಿ ಕೇಳಿದ. ಬನಹಟ್ಟಿಯ ಒಬ್ಬ ಸಾವಕಾರ ಪಂಚಮಿ ಮುಗಿದ ಮೇಲೆ ಒಂದು ಸಣ್ಣ ಹಾಸು ಕೊಡುತ್ತೇನೆ ಎಂದ. ಅದನ್ನು ಕೇಳಿದ ಅವ್ವನ ಮುಖ ಹೇಗಿತ್ತೆಂದು ಬರೆಯಬೇಕೆಂದು ಇಷ್ಟು ಹೊತ್ತು ಕೂತೆ. ಬರುತ್ತಿಲ್ಲ. ಆಕೆ ಎದ್ದು ಹೋಗಿ ಕುಣಿಯೊಳಗಿನ ಜೇಡರಬಲೆ ಗುಡಿಸಿದಳು, ಅದು ಗೊತ್ತಿದೆ.

ಆಮೇಲೆ ಎರಡನೆಯ ಟ್ರಾಲಿ ಬಂತು.

ಗಲಗಲಿಯಲ್ಲಿ ನೀರು ಮನೆಯೊಳಗೇ ಹೊಕ್ಕಿತ್ತು. ಚಿಗವ್ವನ ಮಗ ಸೊಂಟಮಟ ನೀರಿನಲ್ಲಿ ನಿಂತು ಜೋಳದ ಚೀಲ ಎತ್ತಿಸಿದ್ದ. ಕೆಳಗಿನ ಸಾಲಿನ ಚೀಲಗಳು ತೊಯ್ದಿದ್ದವು, ಮೇಲಿನವು ದಾರಿಯ ಮಳೆಗೆ ತೊಯ್ದವು. ವರ್ಷದ ರೊಟ್ಟಿ ಅದು. ಚೀಲದಲ್ಲೇ ಬಿಟ್ಟರೆ ಬಿಸಿಯೇರಿ ಮೊಳಕೆ ಬರುತ್ತದೆ. ತಕ್ಷಣ ನೆಲದ ಮೇಲೆ ತೆಳ್ಳಗೆ ಹರವಬೇಕು. ಪಡಸಾಲೆ ತುಂಬಿತ್ತು, ಅಡುಗೆಮನೆ ಸೋರುತ್ತಿತ್ತು. ಒಣನೆಲ ಇದ್ದದ್ದು ಮಗ್ಗದ ಕೋಣೆಯಲ್ಲಿ ಮಾತ್ರ. ಆದರೆ ಅಲ್ಲಿ ಹರವಬೇಕೆಂದರೆ ಕುಣಿಯ ಮೇಲೆ ಹಲಗೆ ಮುಚ್ಚಬೇಕು, ಮಗ್ಗ ಬಿಚ್ಚಿ, ಎಳೆ ಕತ್ತರಿಸಿ, ಹಣಿಗೆ ಎತ್ತಬೇಕು.

"ಅಲ್ಲಿ ಬ್ಯಾಡ" ಎಂದಳು ಚಿಗವ್ವ. ಮೊದಲು ಹೇಳಿದವಳು ಅವಳೇ. ಇದರಲ್ಲಿ ನನಗೆ ಅನುಮಾನವಿಲ್ಲ. "ಹೋದ್ರ ಹೋಗ್ಲಿ ಜ್ವಾಳ. ಅಲ್ಲಿ ಬ್ಯಾಡ."

ಅವ್ವ ಚೀಲದ ಬಾಯಿ ಬಿಚ್ಚಿದಳು. ಒಂದು ಹಿಡಿ ಜೋಳ ತೆಗೆದು ಮೂಸಿದಳು.

ಅಣ್ಣ ಒಂದು ಉಪಾಯ ಹೇಳಿದ. ದೊಡ್ಡದೊಂದು ತಾಡಪತ್ರಿ ತಂದು ಅಂಗಳಕ್ಕೆ ಛಾವಣಿಯಂತೆ ಕಟ್ಟಿ, ಕೆಳಗೆ ಹರವಿದರೆ ಆಯಿತು. ರಬಕವಿ, ಬನಹಟ್ಟಿ ಎರಡೂ ಕಡೆ ಅಂಗಡಿಗಳಲ್ಲಿ ತಾಡಪತ್ರಿ ಉಳಿದಿರಲಿಲ್ಲ. ಊರಿಗೆ ಊರೇ ಕೊಂಡಿತ್ತು. ಮರುದಿನ ಬೆಳಿಗ್ಗೆ ನಾವಿಬ್ಬರೂ ಅವನ ಗಾಡಿಯ ಮೇಲೆ ಜಮಖಂಡಿಗೆ ಹೋದೆವು. ನಾನು ಯಾಕೆ ಹೋದೆ? ಅವ್ವನ ಬಿಪಿ ಗುಳಿಗೆ ತರಲು ಎಂದು ನೆನಪು.

ಹೊರಡುವ ಮುನ್ನ ತಾಡಪತ್ರಿಯ ಮಾತು ಅವ್ವನ ಮುಂದೆ ಆಯಿತೋ ಇಲ್ಲವೋ? ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಅವ್ವನ ಎದುರಿಗೇ ಹೇಳಿದೆ ಎನ್ನುತ್ತಾನೆ ಅಣ್ಣ. ನನಗೆ ಕಾಣುವ ಚಿತ್ರದಲ್ಲಿ ಅವ್ವ ಆಗ ಹಿತ್ತಲಲ್ಲಿದ್ದಾಳೆ. ಜಮಖಂಡಿಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ತಡವಾದಾಗ ತಾನು ಮನೆಗೆ ಫೋನ್ ಮಾಡಿದ್ದಾಗಿ ಹೇಳುತ್ತಾನೆ. ನೆಟ್‌ವರ್ಕ್ ಸಿಗದೆ ಅವನು ಫೋನನ್ನು ಆಕಾಶಕ್ಕೆ ಹಿಡಿದು ತಿರುಗಿದ್ದು ನನಗೆ ನೆನಪು.

ತಾಡಪತ್ರಿ ಸಿಕ್ಕಿತು. ನೀಲಿ ಬಣ್ಣದ್ದು, ಹೊಸ ಪ್ಲಾಸ್ಟಿಕ್ಕಿನ ಘಾಟು. ಅದನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು, ಮುಖಕ್ಕೆ ರಾಚುವ ಮಳೆಯಲ್ಲಿ ನಾನು ಹಿಂದೆ ಕೂತು ಬಂದೆ. ದಾರಿಯ ಎರಡೂ ಕಡೆ ಕಬ್ಬು ನೀರಿನಲ್ಲಿ ನಿಂತಿತ್ತು.

ಮನೆಯೊಳಗೆ ಕಾಲಿಟ್ಟಾಗ ಆ ವಾಸನೆ ಇತ್ತು. ಮಗ್ಗದ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಗೋಡೆಯಿಂದ ಗೋಡೆಗೆ ಜೋಳ ಹರವಿತ್ತು, ಬಿಳಿ, ಒದ್ದೆ, ಬೆರಳಿನ ಗೆರೆಗಳು ಎದ್ದಂತೆ. ಕುಣಿ ಇದ್ದ ಜಾಗ ಹಲಗೆಯ ಕೆಳಗೆ ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. ಮಗ್ಗದ ಕಟ್ಟಿಗೆಗಳು ಹಿತ್ತಲ ಗೋಡೆಗೆ ಒರಗಿದ್ದವು. ಹಣಿಗೆ ಗೂಟಕ್ಕೆ ತೂಗುಬಿದ್ದಿತ್ತು, ಖಾಲಿ. ಅಕ್ಕತಂಗಿಯರು ಹೊಸ್ತಿಲಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಎಲೆ ಅಡಿಕೆ ಹಾಕುತ್ತಿದ್ದರು.

ಅಣ್ಣ ಎಂದಿನಂತೆ ಕೂಗಲಿಲ್ಲ. ಮೆಲ್ಲಗೆ, "ತಾಡಪತ್ರಿ ತಂದೀವಬೇ" ಎಂದ.

"ಛಲೋ ಆತು" ಎಂದಳು ಅವ್ವ. "ಹಿತ್ತಲದಾಗ ಕಟಗಿ ತೊಯ್ಯಾಕತ್ತಾವ, ಅದರ ಮ್ಯಾಲ ಹೊಚ್ಚರಿ."

"ಎಳಿ ಎಲ್ಲಿ?" ನಾನು ಕೇಳಿದೆ.

"ಒಲ್ಯಾಗ."

"ಯಾಕಬೇ?"

"ಮತ್ತೇನ ಮಾಡಬೇಕಿತ್ತ? ಕುಂಡ್ರ, ಚಾ ಕುಡಿ. ತೊಯ್ಸಿಕೊಂಡ ಬಂದೀರಿ."

ಚಿಗವ್ವ ನನ್ನ ಮುಖ ನೋಡಲಿಲ್ಲ.

ಆ ಜೋಳ ಉಳಿಯಲಿಲ್ಲ. ಹಗಲೆಲ್ಲ ಫ್ಯಾನು ಹಚ್ಚಿ, ಅವರಿಬ್ಬರೂ ಕೈಯಾಡಿಸಿ ತಿರುವಿದರು. ಆದರೂ ಹುಳಿಯಿತು, ಕೆಲವು ಕಡೆ ಮೊಳಕೆ ಬಂತು, ಉಳಿದದ್ದು ಕಪ್ಪಾಯಿತು. ಕೊನೆಗೆ ಚೀಲಕ್ಕೆ ತುಂಬಿ ತಿಪ್ಪೆಗೆ ಹಾಕಿದೆವು. ಅಷ್ಟೊಂದು ಜೋಳವನ್ನು ತಿಪ್ಪೆಗೆ ಸುರಿಯುವಾಗ ಚಿಗವ್ವ ಕೈಮುಗಿದಳು. ಅವ್ವ ಖಾಲಿ ಚೀಲ ಝಾಡಿಸಿ ಮಡಿಚಿಟ್ಟಳು. ಪಂಚಮಿಗೆ ಪೇಟೆಯಿಂದ ಉಂಡಿ ತಂದೆವು. ಜೋಕಾಲಿ ಕಟ್ಟಲಿಲ್ಲ.

ನೀರು ಇಳಿದ ಮೇಲೆ ಚಿಗವ್ವ ತನ್ನ ಮಂಚ, ಟ್ರಂಕು, ಮುಚ್ಚಳಗಳ ಸಮೇತ ಗಲಗಲಿಗೆ ಹೋದಳು. ಅದೇ ವಾರ ಬನಹಟ್ಟಿಯ ಸಾವಕಾರನಿಂದ, ಹಾಸು ತಯಾರಿದೆ, ಒಯ್ಯಿರಿ ಎಂದು ಹೇಳಿಕೆ ಬಂತು. ಬಂದವನನ್ನು ಅಣ್ಣ ಓಣಿಯ ತುದಿಯಲ್ಲೇ ತಡೆದು, ಬೇಡವೆಂದು ಹೇಳಿ ಕಳಿಸಿದ. ಅವ್ವ ಹಾಸಿನ ಮಾತನ್ನು ಮತ್ತೆ ಎತ್ತಲಿಲ್ಲ.

ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಜ್ವರ ಬಂದಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಮಗ್ಗ ಹೋಯಿತು, ಅದರ ಹಿಂದೆ ಅವ್ವ ಹೋದಳು ಎಂದು ಬರೆದರೆ ಕಥೆ ಚೆನ್ನಾಗಿ ಕೂಡುತ್ತದೆ. ಹಾಗೆ ಚೆನ್ನಾಗಿ ಕೂಡುವುದರಿಂದಲೇ ನನಗೆ ಅದು ಬೇಡ. ಮಗ್ಗ ಬಿಚ್ಚಿದ ಮೇಲೂ ಆಕೆ ಉಂಡಳು, ವೈನಿಯ ಜೊತೆ ಜಗಳಾಡಿದಳು, ಮೊಮ್ಮಗನ ತಲೆಗೆ ಎಣ್ಣೆ ತಿಕ್ಕಿದಳು. ಅವಳು ಹೋದ ಮೇಲೆ ಮನೆ ಖಾಲಿ ಮಾಡುವ ಕೆಲಸವೇ ನಮಗೆ ಬೀಳಲಿಲ್ಲ. ಒಂದು ಟ್ರಂಕಿನಲ್ಲಿ ಕೆಲವು ಸೀರೆ, ಒಂದು ಕೌದಿ, ವಿಭೂತಿಯ ಕರಡಿಗೆ. ಇಷ್ಟನ್ನು ಹಂಚಿಕೊಳ್ಳಲು ನಾನೂ ಅಣ್ಣನೂ ಕೂತು ಸುಮ್ಮನೆ ಅತ್ತೆವು. ಹಂಚಲು ಇನ್ನೂ ಏನಾದರೂ ಇದ್ದಿದ್ದರೆ ಕೈಗೆ ಕೆಲಸವಾದರೂ ಇರುತ್ತಿತ್ತು. ಮರೆತು ಉಳಿದಿದ್ದ ಚಿಗವ್ವನ ಮುಚ್ಚಳ, ಜೋಳದ ಆ ಖಾಲಿ ಚೀಲದೊಳಗೇ, ನನ್ನ ಪಾಲಿಗೆ ಬಂತು.

ಹೋದ ರವಿವಾರ ಆ ಮುಚ್ಚಳ ಹಿಡಿದುಕೊಂಡು ಜಮಖಂಡಿಗೆ ಹೋಗಿ, ಅಲ್ಲಿಂದ ಗಲಗಲಿ ಬಸ್ಸು ಹತ್ತಿದೆ. ಚಿಗವ್ವನಿಗೆ ಈಗ ನಡೆಯಲು ಆಗುವುದಿಲ್ಲ. ಕಟ್ಟೆಯ ಮೇಲೆ ಕೂತಿದ್ದಳು. ಮುಚ್ಚಳವನ್ನು ಕೈಗೆ ತಗೊಂಡು ಹೆಸರಿನ ಚುಕ್ಕೆಗಳ ಮೇಲೆ ಬೆರಳಾಡಿಸಿದಳು.

"ಇದರ ಡಬರಿ ತೂತ ಬಿದ್ದು ತಿಪ್ಪಿಗಿ ಒಗದ ಎಷ್ಟೋ ವರ್ಷ ಆತಲ್ಲ ಶಾಂತಾ. ಇದನ್ನ ಕೊಡಾಕ ಅಲ್ಲಿಂದ ಬಂದೇನು?"

"ಇಲ್ಲ ಚಿಗವ್ವಾ. ಒಂದ ಕೇಳೂದಿತ್ತು."

"ಗೊತ್ತೈತಿ ಬಿಡು. ಈರಣ್ಣನೂ ಕೇಳಿದ್ದ."

"ಎಳಿ ಕತ್ತರಿಸಿದಾರು ಯಾರು?"

"ಒಬ್ಬಾಕಿ ಜಗ್ಗಿ ಹಿಡೀಬೇಕು, ಒಬ್ಬಾಕಿ ಕತ್ತರಿ ಆಡಿಸಬೇಕು. ಒಬ್ಬಾಕಿ ಕೈಲೆ ಆಗೂ ಕೆಲಸ ಅಲ್ಲ ಅದು. ಇಬ್ಬರೂ ಇದ್ವಿ."

"ಕತ್ತರಿ ಯಾರ ಕೈಯಾಗಿತ್ತು?"

ಮುಚ್ಚಳವನ್ನು ತಿರುವಿ ಹಿಡಿದಳು. "ಒಮ್ಮಿ ನನ್ನ ಕೈಯಾಗ ಇತ್ತು ಅನಸ್ತೈತಿ. ಒಮ್ಮಿ, ಅಕ್ಕ ಕಸಗೊಂಡ್ಲು ಅನಸ್ತೈತಿ."

"ನಾವು ತಾಡಪತ್ರಿ ತರಾಕ ಹೋಗೀವಂತ ಅವ್ವಗ ಗೊತ್ತಿತ್ತೇನು?"

"ಆಕಿ ಏನೂ ಅನಲಿಲ್ಲ ಯವ್ವಾ. ನಾನೂ ಅನಲಿಲ್ಲ. ನನಗ ಆಗ ಗೊತ್ತಿತ್ತೋ, ನೀವು ತಂದ ಮ್ಯಾಲ ಗೊತ್ತಾತೋ, ಈಗ ಎರಡೂ ಒಂದ ಆಗ್ಯಾವ." ಮುಚ್ಚಳವನ್ನು ನನ್ನ ಕೈಗೇ ವಾಪಸು ಇಟ್ಟಳು. "ಒಯ್ಯಿ. ಇಲ್ಲಾ ಒಗಿ."

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿದೆ. ಅಟ್ಟದ ಸಾಮಾನೆಲ್ಲ ಹೋಯಿತು. ಆ ಚೀಲವನ್ನೂ ಒಗೆದು ಬಿಸಿಲಿಗೆ ಹಾಕಿದೆ, ವಾಸನೆ ಹೋಗಿದೆ.

ಎಳೆಗಳು ದಾಳಿಂಬೆ ಬಣ್ಣದವೋ ಹಸಿರೋ ನನಗೆ ಗೊತ್ತಿಲ್ಲ. ಕತ್ತರಿ ಯಾರ ಕೈಯಲ್ಲಿತ್ತೋ ಗೊತ್ತಿಲ್ಲ. ತಾಡಪತ್ರಿ ಬರುತ್ತದೆಂದು ಅವ್ವನಿಗೆ ತಿಳಿದಿತ್ತೋ ಇಲ್ಲವೋ ಗೊತ್ತಿಲ್ಲ. ತಿಳಿದಿದ್ದೂ ಕತ್ತರಿಸಿದ್ದರೆ ಯಾಕೆ ಕತ್ತರಿಸಿದಳೋ, ಅದೂ ಗೊತ್ತಿಲ್ಲ.